ಗೂಡಿನಲ್ಲಿ ಉಳಿದ ಬುಷ್‌ಗಳು

ಅದು ಅರ್ಧ ತಾಸಿನ ಕೆಲಸ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಕೊನೆಯವರೆಗೂ ಬರೆಯದೆ ತಪ್ಪಿಸಿಕೊಳ್ಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ದೇವದುರ್ಗದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದೆ. ನನ್ನದೇ ಕಾರು, ಹಳೆಯದು. ಅದರಲ್ಲಿ ಗೇರಿನ ಹಿಡಿ ಸ್ಟೇರಿಂಗಿನ ಕೆಳಗೇ ಇರುತ್ತಿತ್ತು. ಹಿಡಿಯಿಂದ ಹೊರಟ ಎರಡು ಕಬ್ಬಿಣದ ರಾಡುಗಳು ಬಾನೆಟ್ಟಿನ ಒಳಗೆ ಹಾದು ಗೇರ್ ಬಾಕ್ಸಿಗೆ ಹೋಗುತ್ತಿದ್ದವು. ರಾಡುಗಳ ತುದಿಯಲ್ಲಿ, ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ, ಬೆರಳುಂಗುರಕ್ಕಿಂತ ಚಿಕ್ಕದಾದ ನೈಲಾನ್ ಬುಷ್‌ಗಳು. ಅವು ಸವೆದರೆ ರಾಡು ಸಡಿಲಾಗುತ್ತದೆ. ನಮ್ಮ ಕಾರಿನಲ್ಲಿ ಸವೆದು ಎಷ್ಟು ದಿನವಾಗಿತ್ತೆಂದರೆ, ದಿನಕ್ಕೊಂದು ಸಲವಾದರೂ ಎರಡು ಗೇರಿನ ನಡುವೆ ಸಿಕ್ಕಿಕೊಂಡು ಹಿಡಿ ಅಲ್ಲಾಡುತ್ತಲೇ ಇರಲಿಲ್ಲ. ಆಗ ಒಬ್ಬರು ಒಳಗೆ ಕೂತು ಕ್ಲಚ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಬಾನೆಟ್ ಎತ್ತಿ ರಾಡನ್ನು ಕೈಯಿಂದ ಎಳೆದು ಬಿಡಿಸಬೇಕು.

ಆ ಇನ್ನೊಬ್ಬರು ನನ್ನ ಹೆಂಡತಿ.

ಮಕ್ಕಳಿರಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಎಂದು ಮೊದಲು ನನ್ನ ಜೊತೆ ಕಾರಿನಲ್ಲಿ ಬಂದಳು, ಆಮೇಲೆ ಗೇರಿನ ನೆಪ ಸಿಕ್ಕಿತು. ಮುಂದಿನ ಸೀಟಿನಲ್ಲಿ ಬಾಗಿಲ ಕಡೆ ಕೂರುತ್ತಿದ್ದಳು. ಗೇರು ಸಿಕ್ಕಿಕೊಂಡ ತಕ್ಷಣ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿಯುತ್ತಿದ್ದಳು. ಎತ್ತಿದ ಬಾನೆಟ್ಟಿನ ಹಿಂದೆ ಅವಳ ಮುಖ ನನಗೆ ಕಾಣುತ್ತಿರಲಿಲ್ಲ. "ಒತ್ರಿ" ಎನ್ನುವಳು. ಒತ್ತುತ್ತಿದ್ದೆ. ಒಂದು ಗಳಿಗೆ ಬಿಟ್ಟು "ಬಂತು" ಎನ್ನುವಳು.

ಒಮ್ಮೆ ಮಾನ್ವಿಗೆ ಹೊರಟಾಗ ಹಿಂದೆ ಕೂತಿದ್ದ ಮುದುಕರೊಬ್ಬರು ಕೇಳಿದರು: "ಏನವ್ವಾ, ಗಂಡ ಓಡಿಹೋಗ್ತಾನಂತ ಕಾಯಾಕತ್ತೀಯೇನ?"

"ಗಂಡ ಎಲ್ಲಿ ಹೋಗ್ತಾನ ಯಪ್ಪಾ. ಗೇರು ಕಾಯಾಕತ್ತೀನಿ."

ರಾಯಚೂರಿನ ಗ್ಯಾರೇಜಿನ ಮಿಸ್ತ್ರಿ ನಾಲ್ಕು ಹೊಸ ಬುಷ್‌ಗಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ. ಇವತ್ತೇ ಹಾಕಿಕೊಂಡು ಹೋಗಿ ಎಂದ. ಹೊರಗೆ ಪ್ಯಾಸೆಂಜರುಗಳು ಕಾಯುತ್ತಿದ್ದರು, ನಾನು ಊರಲ್ಲಿ ಹಾಕಿಕೊಳ್ಳುತ್ತೇನೆ ಎಂದೆ.

"ಹೋದ ಸಲಾನೂ ಹಿಂಗೇ ಅಂದ್ರಿ ಭಾಯಿ. ಅರ್ಧಾ ತಾಸಿನ ಕೆಲಸ ಅದ. ಅಕ್ಕಾರ ನೌಕರಿ ಹೋಗ್ತದಂತ ಹೆದರಿಕಿ ಏನ್ರೀ ನಿಮಗ?"

ನಕ್ಕುಬಿಟ್ಟೆ. ಅವನು ಸುಮ್ಮನೆ ತಮಾಷೆಗೆ ಅಂದದ್ದು ನಿಜವಾಗಿತ್ತು.

ಪೇಪರಿನ ಪೊಟ್ಟಣ ಗೋಡೆಯ ಗೂಡಿನಲ್ಲಿ, ದೀಪದ ಎಣ್ಣೆ ಬಾಟಲಿಯ ಪಕ್ಕದಲ್ಲಿ ಕೂತಿತು. ವಾರದಲ್ಲಿ ಆರು ದಿನ ಕಾರು ಓಡುತ್ತಿತ್ತು. ಬಿಡುವಿದ್ದದ್ದು ಸೋಮವಾರ ಒಂದೇ, ಅದೂ ಅವಳ ದೆಸೆಯಿಂದ. ಅವಳ ತವರು ಮಾನ್ವಿ ತಾಲೂಕಿನ ಮಲ್ಲಟ. ಕುರಿ ಸಾಕುವ, ಹೊಲ ಮಾಡುವ ಮನೆತನ. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಮದುವೆಯಾಗಿ ಬಂದ ಮೇಲೆ ಆ ನಿಯಮವನ್ನು ಕಾರಿಗೂ ಹಚ್ಚಿದಳು. "ಎತ್ತಿನಂಗ ಇದೂ ದುಡೀತದ ಇಲ್ರಿ? ಒಂದಿನ ನಿಂದ್ರಲಿ." ಸೋಮವಾರ ಬೆಳಿಗ್ಗೆ ಕಾರು ತೊಳೆದು ಬಾನೆಟ್ಟಿಗೆ ವಿಭೂತಿ ಹಚ್ಚುತ್ತಿದ್ದಳು. ಹಾಗಾದರೆ ಇವತ್ತು ಬುಷ್ ಹಾಕಿಬಿಡುತ್ತೇನೆ ಎಂದು ನಟ್ಟು ಬಿಚ್ಚುವ ಪಾನಾ ಹಿಡಿದು ಬಂದರೆ, "ಮಲಗಿದ ಎತ್ತಿನ ಬಾಯಾಗ ಕೈ ಹಾಕ್ತಾರೇನ್ರೀ? ನಾಳಿ ಮಾಡ್ರಿ" ಎಂದು ಪಾನಾ ಕಸಿದುಕೊಳ್ಳುತ್ತಿದ್ದಳು.

ನಾಳೆ ಬಾಡಿಗೆ ಇರುತ್ತಿತ್ತು. ಮಂಗಳವಾರ ಅರ್ಧ ತಾಸು ತಡವಾಗಿ ಹೊರಟಿದ್ದರೆ ಯಾರೂ ಬೈಯುತ್ತಿರಲಿಲ್ಲ. ಆದರೆ ಬುಷ್ ಹಾಕಿದರೆ ಅವಳು ಮುಂದಿನ ಸೀಟಿನಲ್ಲಿ ಕೂರಲು ಕಾರಣ ಉಳಿಯುವುದಿಲ್ಲ. ಹೆಂಡತಿಯನ್ನು ಕೂರಿಸಿಕೊಂಡು ತಿರುಗುತ್ತಾನೆ ಎಂದು ಓಣಿಯವರು ಆಗಲೇ ಆಡಿಕೊಳ್ಳುತ್ತಿದ್ದರು. ಇದನ್ನು ನಾನು ಅವಳಿಗೆ ಹೇಳಲಿಲ್ಲ. ಅವಳೂ ಅದಕ್ಕೇ ಪಾನಾ ಕಸಿದುಕೊಳ್ಳುತ್ತಿದ್ದಳೇನೋ, ನಾನು ಕೇಳಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಹೊಟ್ಟೆ ನೋವು ಎಂದಳು. ರಾಯಚೂರಿಗೆ ಹೋಗೋಣ ಎಂದೆ.

"ಇವತ್ತ ಬ್ಯಾಡ್ರಿ. ನಾಳಿ ಹೆಂಗೂ ಗಾಡಿ ಹೊಂಡ್ತದಲ್ಲ."

ಓಂಕಾಳಿನ ನೀರು ಕುಡಿದು ಮಗ್ಗುಲಾದಳು. ಮಧ್ಯಾಹ್ನ ಎಬ್ಬಿಸಿದರೆ ನೆಟ್ಟಗೆ ನಿಲ್ಲಲು ಆಗಲಿಲ್ಲ. ಮೈ ಸುಡುತ್ತಿತ್ತು. ಆಗ ಅವಳ ಮಾತು ಕೇಳದೆ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟೆ. ಹೊರಡುವಾಗ ವಿಭೂತಿ ಇನ್ನೂ ಬಾನೆಟ್ಟಿನ ಮೇಲಿತ್ತು.

ಗಬ್ಬೂರು ದಾಟಿತು. ಕಲ್ಮಲ ಇನ್ನೂ ಎರಡು ಮೈಲಿ ಇರುವಾಗ ಒಂದು ಹಳ್ಳದ ಇಳಿಜಾರಿನಲ್ಲಿ ಗೇರು ಬದಲಿಸಲು ಹೋದೆ. ಹಿಡಿ ಕಲ್ಲಾಯಿತು. ಇಳಿದು ಬಾನೆಟ್ ಎತ್ತಿ ರಾಡು ಎಳೆದೆ. ಬರಲಿಲ್ಲ. ಕ್ಲಚ್ ಮೇಲೆ ಕಲ್ಲು ಇಟ್ಟೆ, ಜಾರಿ ಬಿತ್ತು. ಬೇರೆ ದಿನವಾಗಿದ್ದರೆ ಆ ದಾರಿಯಲ್ಲಿ ಬಂಡಿಗಳು ಸಾಲಾಗಿ ಬರುತ್ತಿದ್ದವು, ಹೊಲದಲ್ಲಿ ಜನ ಇರುತ್ತಿದ್ದರು. ಸೋಮವಾರ ಯಾರೂ ಎತ್ತು ಹೂಡಿರಲಿಲ್ಲ. ಕಣ್ಣು ಹಾಯುವವರೆಗೆ ಕರಿ ನೆಲ, ಬಿಸಿಲು.

ಅವಳು ಎದ್ದು ಕೂತಿದ್ದಳು. ನಾನು ಕೇಳಿದೆ. ಹೌದು, ನಾನೇ ಕೇಳಿದೆ: "ಸ್ವಲ್ಪ ಮುಂದ ಬಂದು ಕ್ಲಚ್ ಒತ್ತಾಕ ಆಗ್ತದೇನು?"

ಬಂದು ಕೂತಳು. ಆ ಕ್ಲಚ್ ಬಿಗಿ, ಹೊಟ್ಟೆಯಿಂದ ಬಲ ತರಬೇಕು. ಕಾಲು ಇಟ್ಟವಳೇ ಸ್ಟೇರಿಂಗ್ ಮೇಲೆ ಬಾಗಿದಳು. ಬಾಯಿಂದ ಬಂದ ದನಿಯನ್ನು ಬರೆಯಲಾರೆ. ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಮಡಗಾರ್ಡು ಹಿಡಿದುಕೊಂಡು ಮುಂದೆ ನಡೆದು ಬಂದಳು.

"ನೀವು ಒಳಗ ಹೋಗ್ರಿ. ನನ್ನ ಕೈಗೆ ಗೊತ್ತದ ಅದು."

ಹೋಗಿ ಕೂತೆ. ಬಾನೆಟ್ಟಿನ ಹಿಂದೆ ಅವಳ ಮುಖ ಕಾಣಲಿಲ್ಲ. "ಒತ್ರಿ" ಎಂದಳು. ಒತ್ತಿದೆ. ಬಹಳ ಹೊತ್ತಾಯಿತು. ಕ್ಲಚ್ ಬಿಟ್ಟು ಇಳಿದು ನೋಡಲೂ ಆಗದು, ಬಿಟ್ಟರೆ ರಾಡು ಅವಳ ಬೆರಳು ಕಚ್ಚುತ್ತದೆ. ಕೊನೆಗೆ "ಬಂತು" ಎಂದಳು. ಇಳಿದು ಓಡಿ ನೋಡಿದರೆ ಬಂಪರಿಗೆ ಒರಗಿ ನೆಲದ ಮೇಲೆ ಕೂತಿದ್ದಳು.

ಹೊಟ್ಟೆಯ ಒಳಗೆ ಕರುಳು ಒಡೆದಿದೆ ಎಂದರು ರಾಯಚೂರಿನ ಡಾಕ್ಟರು. ಬುಧವಾರ ಬೆಳಿಗ್ಗೆ ಹೋದಳು. ಹಳ್ಳದ ಹತ್ತಿರ ಕಳೆದ ಹೊತ್ತು ಇರದಿದ್ದರೆ ಉಳಿಯುತ್ತಿದ್ದಳೇ ಎಂದು ನಾನು ಡಾಕ್ಟರನ್ನು ಕೇಳಲಿಲ್ಲ. ಇವತ್ತಿಗೂ ಯಾರನ್ನೂ ಕೇಳಿಲ್ಲ. ಮಣ್ಣು ಮಾಡುವ ಮೊದಲು ಹೆಂಗಸರು ಮೈ ತೊಳೆದರು. ಬಲಗೈ ಬೆರಳಿಗೆ ಹತ್ತಿದ್ದ ಗ್ರೀಸನ್ನು ಸೀಗೆಪುಡಿ ಹಾಕಿ ಉಜ್ಜಿದರು. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ.

ದಿನಕಾರ್ಯ ಮುಗಿದ ಮೇಲೆ ಬಂದ ಸೋಮವಾರ ನಾನು ಗೂಡಿನಿಂದ ಪೊಟ್ಟಣ ತೆಗೆದೆ. ಅವಳ ತಾಯಿ ಇನ್ನೂ ನಮ್ಮ ಮನೆಯಲ್ಲೇ ಇದ್ದರು. ನಾನು ಒಲೆಯ ಮೇಲೆ ನೀರಿಟ್ಟದ್ದು ನೋಡಿ ಹತ್ತಿರ ಬಂದರು.

"ಇವತ್ತ ಸೋಮಾರ ಅಲ್ಲೇನಪಾ?"

"ಹೌದು ಯವ್ವಾ."

ಒಲೆಯ ಮೇಲಿನ ನೀರನ್ನು ಬಗ್ಗಿ ನೋಡಿದರು. ಬಿಸಿನೀರಿನಲ್ಲಿ ನೆನೆಸಿದರೆ ಬುಷ್ ಮೆತ್ತಗಾಗಿ ಸುಲಭವಾಗಿ ಕೂರುತ್ತದೆ ಎಂದು ಹೇಳಿದೆ. ನೀರಿನ ತಂಬಿಗೆಯನ್ನು ತಾವೇ ಸೆರಗಿನಿಂದ ಹಿಡಿದು ತಂದು ಕಾರಿನ ಹತ್ತಿರ ಇಟ್ಟರು. ಒಳಗೆ ಬಿದ್ದ ನಾಲ್ಕು ಚಿಕ್ಕ ಬುಷ್‌ಗಳನ್ನು ನೋಡಿದರು.

"ಇಷ್ಟಕ್ಕೇನು ಅವತ್ತು ಗಾಡಿ ನಿಂತದ್ದು?"

"ಹ್ಞೂಂ."

"ಇದನ್ನ ಹಾಕಾಕ ಎಷ್ಟೊತ್ತು ಬೇಕು?"

ಆ ಮುದುಕಿಗೆ ಬೇರೆ ಮಕ್ಕಳಿರಲಿಲ್ಲ. ನಾನು ಅವರ ಮುಖ ನೋಡದೆ ಹೇಳಿದೆ: "ಇಡೀ ದಿನ ಬೇಕು ಯವ್ವಾ. ಅದಕ್ಕ ಆಗಿರಲಿಲ್ಲ."

"ಹೌದೇನು" ಎಂದು ಕಟ್ಟೆಯ ಮೇಲೆ ಕೂತರು.

ಕಾರಿನ ಕೆಳಗೆ ಹೋಗಿ ಅಂಗಾತ ಮಲಗಿದೆ. ಪಿನ್ನು ಎಳೆದೆ, ವಾಷರ್ ತೆಗೆದೆ. ಹಳೆಯ ಬುಷ್ ಒಂದು ಕಡೆ ಸಿಗರೇಟಿನ ಕಾಗದದಷ್ಟು ತೆಳುವಾಗಿತ್ತು, ಮುಟ್ಟಿದರೆ ಪುಡಿಯಾಗಿ ಕಣ್ಣಿಗೆ ಬಿತ್ತು. ಹೊಸದಕ್ಕೆ ಸೋಪು ಸವರಿ ಹೆಬ್ಬೆರಳಿನಿಂದ ಒತ್ತಿದೆ, ಟಪ್ಪೆಂದು ಕೂತಿತು. ಕೆಳಗಿನವೆರಡು ಆದ ಮೇಲೆ ಎದ್ದು ಬಾನೆಟ್ಟಿನ ಒಳಗಿನವೆರಡನ್ನು ಹಾಕಿದೆ. ಅವಳ ಕೈ ಹಿಡಿಯುತ್ತಿದ್ದ ಜಾಗದಲ್ಲಿ ರಾಡು ಗ್ರೀಸಿಲ್ಲದೆ ಹೊಳೆಯುತ್ತಿತ್ತು. ಹಿಡಿ ಆಡಿಸಿ ನೋಡಿದೆ. ಎರಡೇ ಬೆರಳಿಗೆ, ಸದ್ದಿಲ್ಲದೆ, ನಾಲ್ಕೂ ಗೇರು ಬಿದ್ದವು. ಕಟ್ಟೆಯ ಮೇಲಿನ ಬಿಸಿಲು ಒಂದು ಗೇಣೂ ಸರಿದಿರಲಿಲ್ಲ.

ಅವರು ಅಲ್ಲೇ ಕೂತು ನೋಡುತ್ತಿದ್ದರು. ನಾನು ಪಾನಾ ತೆಗೆದುಕೊಂಡು ಮತ್ತೆ ಕಾರಿನ ಕೆಳಗೆ ಹೋದೆ. ಆಗೊಮ್ಮೆ ಈಗೊಮ್ಮೆ ಕಬ್ಬಿಣಕ್ಕೆ ಪಾನಾ ಬಡಿದು ಸದ್ದು ಮಾಡುತ್ತ, ಹೊತ್ತು ಮುಳುಗುವ ತನಕ ಅಲ್ಲೇ ಮಲಗಿದ್ದೆ.