ಬಾಲ ಹಿಡಿದವಳು

ಫೋಟೋ ಸ್ಟುಡಿಯೋದವರು ಮನೆಯ ಶೆಡ್ಡಿನಲ್ಲಿ ಕಟ್ಟಿದ ವಿಮಾನಕ್ಕೆ ರೆಕ್ಕೆ ಬಂದಿತ್ತು, ಬಣ್ಣ ಬಂದಿತ್ತು, ಮೂತಿಯ ಮೇಲೆ ಹದ್ದಿನ ಚಿತ್ರವೂ ಬಂದಿತ್ತು. ಬ್ರೇಕ್ ಮಾತ್ರ ಇರಲಿಲ್ಲ. ಆ ಕೆಲಸ ಅವರ ಹೆಂಡತಿಯದು. ಎಂಜಿನ್ ಚಾಲೂ ಆದಾಗಲೆಲ್ಲ ಅವಳು ಬಾಲಕ್ಕೆ ಕಟ್ಟಿದ ಹಗ್ಗ ಹಿಡಿದು, ಹಿಮ್ಮಡಿ ನೆಲಕ್ಕೂರಿ, ಧೂಳು ನುಂಗುತ್ತ ನಿಲ್ಲಬೇಕು. ಹಾರಲು ಹುಟ್ಟಿದ್ದಕ್ಕೆ ನಿಲ್ಲುವ ಚಿಂತೆ ಏಕೆ ಎಂಬುದು ಸ್ಟುಡಿಯೋದವರ ವಾದ. ಅಲ್ಲಿಯವರೆಗೆ ವಿಮಾನ ಹಾರಿದ್ದು ಅವರ ಬಾಯಲ್ಲಿ ಮಾತ್ರ.

ಅವಳ ಭುಜ ಉಳುಕಿ, ಬಕೆಟ್ ಎತ್ತುವುದೂ ಕಷ್ಟವಾಯಿತು. ಇನ್ನು ಹಗ್ಗ ಮುಟ್ಟಿದರೆ ಆ ಕೈಯ ಆಸೆ ಬಿಡಿ ಎಂದರು ಡಾಕ್ಟರು. ಆಮೇಲೆ ಬ್ರೇಕ್ ಬಂತು. ಕರುಣೆಯಿಂದಲ್ಲ; ಬಾಲ ಹಿಡಿಯಲು ಬೇರೆ ಯಾರೂ ಒಪ್ಪಲಿಲ್ಲ.

ಎಡಕ್ಕೊಂದು ಪೆಡಲ್, ಬಲಕ್ಕೊಂದು. ಎಡದ್ದು ಒತ್ತಿದರೆ ಎಡಚಕ್ರ ಹಿಡಿದು ವಿಮಾನ ಎಡಕ್ಕೆ ತಿರುಗಬೇಕು. ಪೆಡಲುಗಳನ್ನು ಸ್ಟುಡಿಯೋದವರು ಸೀಟಿನಲ್ಲಿ ಕೂತು ಜೋಡಿಸಿದರು. ಚಕ್ರಗಳಿಗೆ ಮಾತ್ರ ಮೂತಿಯ ಎದುರು ಸ್ಟೂಲ್ ಹಾಕಿಕೊಂಡು, ಫೋಟೋ ತೆಗೆಯುವವರ ಹಾಗೆ ಕೂತು, ತಮ್ಮ ಎಡಗೈ ಕಡೆಯದಕ್ಕೆ ‘ಎಡ’ ಎಂದು ಬರೆದರು. ಸ್ಟುಡಿಯೋದಲ್ಲೂ ಹಾಗೆಯೇ. ‘ಎಡಕ್ಕೆ ತಿರುಗಿ’ ಎಂದರೆ ಅವರ ಎಡಕ್ಕೆ. ಗಿರಾಕಿ ತನ್ನ ಎಡಕ್ಕೆ ತಿರುಗಿದರೆ ಗದರಿಕೆ. ಊರವರು ಕ್ರಮೇಣ ಉಲ್ಟಾ ತಿರುಗುವುದನ್ನು ಕಲಿತಿದ್ದರು.

ಪೆಡಲಿನಿಂದ ಚಕ್ರಕ್ಕೆ ಹೋಗುವ ಬ್ರೇಕ್ ಎಣ್ಣೆಯ ಕೊಳವೆಗಳನ್ನು ಅವರು ಬಿಗಿಯುವಾಗ, ಎಡಪೆಡಲ್ ಬಲಚಕ್ರಕ್ಕೆ ಸೇರುತ್ತಿರುವುದನ್ನು ಅವಳು ಗಮನಿಸಿ ಹೇಳಿಯೂ ಹೇಳಿದಳು.

“ಇಡೀ ಊರಿಗೆ ಎಡ ಬಲ ಹೇಳಿಕೊಟ್ಟವನು ನಾನು,” ಎಂದರು ಸ್ಟುಡಿಯೋದವರು. “ನೀನು ನನಗೆ ಹೇಳಿಕೊಡ್ತೀಯಾ?”

ಮರುದಿನ ಬೆಳಿಗ್ಗೆ ಹಿತ್ತಲಾಚೆಯ ಬಯಲಿನಲ್ಲಿ ವಿಮಾನ ಹೊರಟಿತು. ಹಗ್ಗ ಇಲ್ಲದ ಮೊದಲ ಓಟ. ಅವಳು ಅತ್ತೆಯ ಪಕ್ಕ ಬರಿಗೈಯಲ್ಲಿ ನಿಂತು ನೋಡಿದಳು. ವಿಮಾನ ಎಡಗಡೆಯ ಗೋಡೆಯತ್ತ ವಾಲಿದಾಗ ಅವರು ಬಲಪೆಡಲ್ ತುಳಿದಿರಬೇಕು. ಅದು ಇನ್ನಷ್ಟು ಎಡಕ್ಕೆ ಹೊರಳಿತು. ಅವರು ಇನ್ನೂ ಜೋರಾಗಿ ತುಳಿದಿರಬೇಕು. ಹದ್ದು ಹೋಗಿ ಗೋಡೆಗೆ ಮುತ್ತಿಟ್ಟಿತು.

“ಇದಕ್ಕೇ ಎಡವಟ್ಟು ಅನ್ನೋದು,” ಎಂದರು ಅತ್ತೆ, ಮಗನ ಮೈಕೈ ನೆಟ್ಟಗಿರುವುದನ್ನು ಖಚಿತಪಡಿಸಿಕೊಂಡ ಮೇಲೆ.

ಸ್ಟುಡಿಯೋದವರು ಇಳಿದು, ಗೋಡೆ ಕಟ್ಟಿದವನನ್ನು ಬೈದು, ಹಗ್ಗ ತಂದು ಹೆಂಡತಿಯ ಮುಂದೆ ಹಿಡಿದರು. “ಬಾಲಕ್ಕೆ ಕಟ್ಟಿ ಹಿಂದಕ್ಕೆ ಎಳಿ. ನಿನಗೆ ರೂಢಿ ಇದೆಯಲ್ಲ.”

ಅವಳು ಹಗ್ಗ ಮುಟ್ಟಲಿಲ್ಲ. ಸೆರಗು ಸಿಕ್ಕಿಸಿಕೊಂಡು ಸೀಟು ಹತ್ತಿ ಕೂತಳು. “ಎಳೀರಿ. ನಾನು ಇಲ್ಲಿ ನೋಡ್ಕೋತೀನಿ.”

ಎರಡು ಪೆಡಲನ್ನೂ ಒಟ್ಟಿಗೆ ಒತ್ತಿದರೆ ಎಡಬಲದ ಗೊಡವೆಯೇ ಇಲ್ಲ. ಅವಳು ಒತ್ತಿ ಕೂತಳು. ಹಿಂದೆ ಸ್ಟುಡಿಯೋದವರು ಹಿಮ್ಮಡಿ ಊರಿ, ಹಲ್ಲು ಕಚ್ಚಿ ಎಳೆದರು. ವಿಮಾನ ಕದಲಲಿಲ್ಲ.

“ಬ್ರೇಕ್ ಕೆಟ್ಟಿದೆ ಅನ್ಸತ್ತೆ ಕಣೇ,” ಎಂದರು ಏದುಸಿರಿನಲ್ಲಿ.

“ಇಲ್ಲರೀ, ಚೆನ್ನಾಗಿ ಹಿಡಿದಿದೆ. ಇನ್ನೂ ಸ್ವಲ್ಪ ಎಳೀರಿ.”

ಅವಳಿಗೆ ಕಾಲು ತೆಗೆಯುವ ಅವಸರವೇನೂ ಇರಲಿಲ್ಲ.