ಪ್ರೋಬ್ ಹಿಡಿದ ಕೈ

ಲೋಡ್‌ಶೆಡ್ಡಿಂಗಿನ ಆ ವರ್ಷಗಳಲ್ಲಿ, ಜಾದವ್‌ಪುರದ ನಮ್ಮ ಪ್ರಯೋಗಾಲಯದ ಬಾಗಿಲಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಕೀಲಿಕೈ, ವಾಚು, ಹೇರ್‌ಪಿನ್ನು, ಕೊಡೆ ಎಲ್ಲವನ್ನೂ ಅದರಲ್ಲಿ ಬಿಟ್ಟೇ ಒಳಗೆ ಹೋಗಬೇಕು. ಒಳಗೆ ಗಾಜಿನ ಪುಟ್ಟ ಬುರುಡೆಯಲ್ಲಿ ರುಬಿಡಿಯಂ ಆವಿ. ಅದರ ಪರಮಾಣುಗಳನ್ನು ಅಳೆಯುವುದು ನಮ್ಮ ಕೆಲಸ. ಹತ್ತಿರ ಚೂರು ಕಬ್ಬಿಣ ಸುಳಿದರೂ ಕಾಂತಕ್ಷೇತ್ರ ಬದಲಾಗಿ ಎಲ್ಲವೂ ಕೆಡುತ್ತಿತ್ತು. ಅದಕ್ಕೇ ಮೊದಲು ಎಡಗೈಯಲ್ಲಿ ಮೀಟರಿಗೆ ಜೋಡಿಸಿದ ಕಡ್ಡಿ, ಅಂದರೆ ಪ್ರೋಬ್ ಹಿಡಿದು, ಬುರುಡೆಯ ಸುತ್ತಲಿನ ಕ್ಷೇತ್ರವನ್ನು ಅಳೆದು, ಬಲಗೈಯಲ್ಲಿ ಬರೆದುಕೊಳ್ಳುತ್ತಿದ್ದೆವು. ಬೆಳಿಗ್ಗೆ ನಾನು, ಮಧ್ಯಾಹ್ನ ನನ್ನ ಜೊತೆಯ ಬಂಗಾಳಿ ಸಂಶೋಧಕ.

ಉಡುಪಿ ಕಡೆಯವಳಾದ ನಾನು ಆ ವರ್ಷ ಕೊಲ್ಕತ್ತಾದವರನ್ನೇ ಮದುವೆಯಾದೆ. ರಜೆ ಮುಗಿಸಿ ಬಂದ ಮೇಲೆ ನನ್ನ ಮತ್ತು ಆ ಸಂಶೋಧಕನ ಅಂಕಿಗಳು ತಾಳೆಯಾಗಲೇ ಇಲ್ಲ. ನನ್ನದು ಯಾವಾಗಲೂ ಹೆಚ್ಚು. ಅವನದೇ ಅಸಡ್ಡೆ ಎಂದು ತೀರ್ಮಾನಿಸಿದೆ. ನನ್ನ ಅಳತೆಯ ಮೇಲೆ ನನಗೆ ಅಷ್ಟು ಜಂಬ. ತಮಿಳರಾದ ನಮ್ಮ ಗೈಡ್ ಬಳಿ ದೂರಿದೆ. ಅವನು ತುಟಿ ಬಿಚ್ಚಲಿಲ್ಲ. ಗೈಡ್ ಅವನನ್ನು ಪ್ರಯೋಗದಿಂದಲೇ ತೆಗೆದರು. ಅವನ ಎರಡು ವರ್ಷದ ಕೆಲಸ ನೀರಿನಲ್ಲಿ ಹೋಮ ಮಾಡಿದಂತಾಯಿತು.

ಒಂದು ಬೆಳಿಗ್ಗೆ ಹೋಗಿದ್ದ ಕರೆಂಟ್ ಬಂತು. ಸ್ಟ್ಯಾಂಡಿಗೆ ಸಿಕ್ಕಿಸಿದ್ದ ಪ್ರೋಬಿನತ್ತ ಎಡಗೈ ಚಾಚಿದೆ. ಮೀಟರಿನ ಮುಳ್ಳು ಎಗರಿತು. ಕೈ ಹಿಂದಕ್ಕೆಳೆದೆ, ಮುಳ್ಳು ಇಳಿಯಿತು. ಬಲಗೈ ಚಾಚಿದೆ, ಅಲುಗಲಿಲ್ಲ. ಎಡಗೈಯಲ್ಲಿ ಮದುವೆಯಲ್ಲಿ ಅತ್ತೆ ತೊಡಿಸಿದ್ದ ಚಿನ್ನದ ಬಳೆಯಿತ್ತು; ಚಿನ್ನವೆಂದೇ ಅದನ್ನು ಪೆಟ್ಟಿಗೆಯಲ್ಲಿ ಬಿಡುತ್ತಿರಲಿಲ್ಲ. ಚಿನ್ನಕ್ಕೆ ಮುಳ್ಳು ಹಾಗೆ ಎಗರುವುದಿಲ್ಲ.

ಮನೆಗೆ ಹೋಗಿ ಕೇಳಿದರೆ, ಒಳಗಿರುವುದು ಕಬ್ಬಿಣ, ಮೇಲೆ ಮಾತ್ರ ಚಿನ್ನ ಕಟ್ಟಿಸಿದ್ದು ಎಂದರು ಅತ್ತೆ. ಗಂಡನ ಆಯುಸ್ಸಿಗೆಂದು ಇಲ್ಲಿನ ಮುತ್ತೈದೆಯರು ತೊಡುವುದು ಕಬ್ಬಿಣವನ್ನೇ ಅಂತೆ.

"ಇಷ್ಟೂ ಗೊತ್ತಿರಲಿಲ್ವಾ ಬೌಮಾ? ಬಂಗಾಳದಲ್ಲಿ ಮಕ್ಕಳಿಗೂ ಗೊತ್ತು."

ಹಾಗಾದರೆ ನನ್ನ ಜೊತೆಯ ಸಂಶೋಧಕನಿಗೂ ಗೊತ್ತಿತ್ತು.

ಮರುದಿನ ಅವನನ್ನು ಲೈಬ್ರರಿಯಲ್ಲಿ ಹುಡುಕಿ ಹಿಡಿದೆ. ಬಳೆಯಲ್ಲಿ ಕಬ್ಬಿಣವಿದೆ ಎಂದು ಗೊತ್ತಿದ್ದೂ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ಸಿಟ್ಟಿನಿಂದಲೇ ಕೇಳಿದೆ. ತಪ್ಪು ನನ್ನದಾದಾಗಲೂ ಮೊದಲು ಬರುವುದು ನನಗೆ ಸಿಟ್ಟೇ. ಅವನು ಪುಸ್ತಕ ಮುಚ್ಚಿಟ್ಟ.

"ಅಪ್ಪ ಹೋದ ದಿನ ಅಮ್ಮನ ಕೈಯಿಂದ ಅದನ್ನ ತೆಗೆಸಿದ್ರು. ನಾನು ಪಕ್ಕದಲ್ಲೇ ನಿಂತಿದ್ದೆ," ಎಂದ. "ಹೊಸದಾಗಿ ಮದುವೆಯಾದವರಿಗೆ ಅದನ್ನ ತೆಗೀರಿ ಅಂತ ಹೇಗೆ ಹೇಳ್ಲಿ?"

ನೇರ ಗೈಡ್ ಕೋಣೆಗೆ ಹೋಗಿ ಬಳೆಯ ವಿಷಯ ಹೇಳಿ, ಮದುವೆಯಾದ ಮೇಲಿನ ನನ್ನ ಎಂಟು ತಿಂಗಳ ಅಂಕಿಗಳನ್ನೆಲ್ಲ ಹೊಡೆದುಹಾಕಿ ಎಂದೆ. ಅವರು ಅವನನ್ನು ಮರಳಿ ಕರೆದರು. ಅಷ್ಟರಲ್ಲಿ ಅವನು ಶಾಲೆಯೊಂದರಲ್ಲಿ ಮೇಷ್ಟ್ರ ಕೆಲಸ ಒಪ್ಪಿಕೊಂಡಾಗಿತ್ತು.