ಕೊನೆಯ ಜೋಡಣೆಯ ಹೊತ್ತಿನ ಚಾ

ಅವರ ಬಲಗಿವಿಯ ಹಿಂದೆ ವಾರ್ನಿಷಿನ ಕಂದು ಕಲೆಯೊಂದು ಸದಾ ಅಂಟಿಕೊಂಡಿರುತ್ತಿತ್ತು. ಮೋಟಾರು ತಿರುಗತೊಡಗಿದೊಡನೆ, ಕೆಲಸದ ಕೈಯನ್ನೇ ಕಿವಿಯ ಹಿಂದೆ ಹಿಡಿದು ಆಲಿಸುತ್ತಿದ್ದುದರ ಗುರುತು ಅದು. ದರ್ಬೆಯ ನಮ್ಮ ಪಂಪ್‌ಸೆಟ್ ಕಂಪೆನಿಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ವಿಭಾಗಕ್ಕೆ ಅವರು ಹಿರಿಯರು. ಉಪ್ಪಿನಂಗಡಿಯ ಬ್ಯಾರಿ ಮನೆತನದವರು. ಎಲ್ಲರಿಗೂ ಕಾಕ. ನಾನು ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ.

ಕಾಕ ವಿದ್ಯೆ ಬಚ್ಚಿಡುತ್ತಾರೆ ಎಂಬ ಮಾತು ಕಂಪೆನಿಯಲ್ಲಿ ಬೇರೂರಿತ್ತು. ವಿಭಾಗದವರಿಗೆ ತಂತಿ ಸುತ್ತುವುದನ್ನೆಲ್ಲ ತೋರಿಸಿ, ತುದಿಗಳನ್ನು ಜೋಡಿಸುವ ಹೊತ್ತಿಗೆ ಸರಿಯಾಗಿ, "ಒಂದು ಚಾ ಕುಡಿದು ಬರ್ತೇನೆ" ಎಂದು ಎದುರಿನ ಹೋಟೆಲಿಗೆ ಹೊರಟುಬಿಡುತ್ತಿದ್ದರು. ಹತ್ತು ಜನ ಹೇಳಿದರೆಂದು ನಂಬುವ ಅಭ್ಯಾಸ ನನಗಿಲ್ಲ. ಒಂದು ದಿನ ಹಿಂದೆಯೇ ಹೋದೆ. ಚಾದ ಮೇಲೆ ಕೆನೆ ಕಟ್ಟಿತ್ತು. ಅವರ ಕೈ ಕಿವಿಯ ಬಳಿ ಇತ್ತು.

"ಎಂತ ಕಾಕ, ಚಾ ತಣ್ಣಗಾಯ್ತಲ್ಲ?"

"ನಾನು ಅಲ್ಲಿ ನಿಂತ್ರೆ ಅವರು ಕೈ ಹಾಕುದಿಲ್ಲ ಮಾರಾಯ್ರೆ. ಹಿರಿಯರ ಎದುರು ಹೇಗೆ ಮುಟ್ಟುದು ಅಂತ. ನಾನು ಇತ್ಲಾಗಿ ಬಂದ್ರೆ ಅವರವರೇ ಜಗಳ ಮಾಡಿ ಕಲೀತಾರೆ. ಸ್ವಲ್ಪ ಬಾಯಿ ಮುಚ್ಚಿ, ಕೇಳುವ."

ಅವರ ನಿವೃತ್ತಿಯ ವಾರ ಮಾಲೀಕರ ಮಗಳು ನಮ್ಮನ್ನೆಲ್ಲ ಶೆಡ್ಡಿನಲ್ಲಿ ಸೇರಿಸಿದರು. ಆಗಷ್ಟೇ ಆಡಳಿತ ವಹಿಸಿಕೊಂಡಿದ್ದ ಅವರಿಗೂ ಕಾಕ ಬಚ್ಚಿಡುತ್ತಾರೆ ಎಂಬ ಮಾತೇ ತಲುಪಿತ್ತು. ಕಾಕನ ಜೊತೆ ಬಹುಕಾಲ ದುಡಿದ ಸುಳ್ಯದ ಗೌಡರಿಗೆ ವಿಭಾಗವನ್ನು ಒಪ್ಪಿಸುವುದೋ, ಹೊರಗಿನಿಂದ ಒಬ್ಬರನ್ನು ತರುವುದೋ ಎಂದು ಅಂದು ತೀರ್ಮಾನವಾಗಬೇಕಿತ್ತು. ಮೇಜಿನ ಮೇಲೆ ತುದಿ ಜೋಡಿಸದ ಮೋಟಾರೊಂದಿತ್ತು.

"ಗೌಡ್ರೇ, ಇದರ ಕೊನೆಯ ಜೋಡಣೆ ನಿಮಗೆ ಬರ್ತದಾ?"

ಗೌಡರು ಕಾಕನತ್ತ ನೋಡಿ ತಲೆ ತಗ್ಗಿಸಿದರು. "ಕಾಕನಿಗೆ ಗೊತ್ತುಂಟು ಮೇಡಂ."

ಕಲಿಸಿದವರ ಎದುರು 'ನನಗೆ ಬರುತ್ತದೆ' ಎನ್ನುವುದು ನಮ್ಮ ಕಡೆ ಅಹಂಕಾರ. ಮೇಡಂ ಅದನ್ನು ಅಜ್ಞಾನವೆಂದು ತಿಳಿದರು. "ಹಾಗಾದ್ರೆ ಹೊರಗಿನವರನ್ನೇ ಕರೆಸುವ."

ಕಾಕ ಎದ್ದರು. "ಮೇಡಂ, ನೀವೂ ನಾನೂ ಒಂದು ಚಾ ಕುಡಿದು ಬರುವ."

"ಈಗ ಎಂತಕ್ಕೆ ಚಾ?"

"ಇನ್ನು ನಾನು ಕರೀಲಿಕ್ಕೆ ಇರುದಿಲ್ಲ. ಬೇಡ ಹೇಳ್ಬೇಡಿ."

ನಾನೂ ಹೋದೆ. ಮೊದಲು ಶೆಡ್ಡಿನಿಂದ ಗೌಡರ ಅರೆಭಾಷೆ, ಉಳಿದವರ ತುಳು ಬೆರೆತ ಗದ್ದಲ ಕೇಳಿಸಿತು, ಬಳಿಕ ಮೌನ. ಕಾಕ ಎರಡನೆಯ ತಟ್ಟೆ ಗೋಳಿಬಜೆ ತರಿಸಿದರು, ಮುಟ್ಟಲಿಲ್ಲ. ಆಮೇಲೆ ಮೋಟಾರು ಹೊರಟಿತು, ಗೊರಗೊರ ಎನ್ನದೆ, ಒಂದೇ ಶ್ರುತಿಯಲ್ಲಿ. ಅವರು ಕಿವಿಯಿಂದ ಕೈ ತೆಗೆದು, ತಣ್ಣಗಾದ ಚಾವನ್ನು ಒಂದೇ ಗುಟುಕಿಗೆ ಮುಗಿಸಿದರು.

"ನಿಮ್ಮ ಪ್ರಶ್ನೆಗೆ ಗೌಡ್ರ ಉತ್ತರ ಕೇಳಿತಾ ಮೇಡಂ?"

ಮೇಡಂ ನಕ್ಕರು. ವಿಭಾಗ ಗೌಡರದಾಯಿತು.

ಕಳೆದ ಮಳೆಗಾಲದಲ್ಲಿ ಕಾಕ ತೀರಿಕೊಂಡರು. ಸಂತಾಪದ ಸಭೆಯಲ್ಲಿ, ಹಿಂದೆ ಬಚ್ಚಿಡುತ್ತಾರೆ ಎಂದವರೇ, 'ಎಲ್ಲರಿಗೂ ಕೈಹಿಡಿದು ಕಲಿಸಿದ ಪುಣ್ಯಾತ್ಮ' ಎಂದು ಹೊಗಳಿದರು. ಅದನ್ನೂ ನಾನು ಒಪ್ಪುವುದಿಲ್ಲ. ಅವರು ಯಾರ ಕೈಯನ್ನೂ ಹಿಡಿದದ್ದನ್ನು ನಾನು ಕಂಡಿಲ್ಲ.

ನನ್ನ ನಿವೃತ್ತಿ ಸಮೀಪಿಸಿದಾಗ, ಸ್ಟೋರಿನ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಅದೇ ಹೋಟೆಲಿಗೆ ಹೋಗಿ ಕುಳಿತೆ. ನನ್ನ ಜಾಗಕ್ಕೆ ಬಂದಾಕೆ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಹುಡುಕುವ ಸದ್ದು ರಸ್ತೆ ದಾಟಿ ಬರುತ್ತಿತ್ತು. ಬೇಕಾದದ್ದು ಯಾವ ಡಬ್ಬಿಯಲ್ಲಿದೆಯೆಂದು ನನಗೆ ಗೊತ್ತಿತ್ತು. ಏಳದೆ ಕುಳಿತಿರುವುದು ಎಷ್ಟು ಕಷ್ಟವೆಂದು ಅಂದು ಅರಿತೆ. ನೋಡುತ್ತಿದ್ದಂತೆ ಚಾದ ಮೇಲೆ ಕೆನೆ ಕಟ್ಟಿತು.